ನಲವತ್ತೊಂದನೇ ನಂಬರಿನ ಅರಗು

ಅವರು ನಿವೃತ್ತರಾದ ದಿನ ನಾನು ಮಾಡಿದ ಭಾಷಣದಲ್ಲಿ ಒಂದು ತಪ್ಪಿತ್ತು. ಆಗ ಅದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಕೊರಳಿಗೆ ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವರು ನನ್ನ ಮಾತು ಮುಗಿಯುವವರೆಗೂ ತಲೆ ಎತ್ತಲಿಲ್ಲ. ಸಂಕೋಚ ಎಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ವೇದಿಕೆಯಿಂದ ಇಳಿದು ಬಂದಾಗ ಅವರು ನನ್ನ ಮುಂಗೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು ಒಂದೇ ಮಾತು ಹೇಳಿದರು.

"ಬುಗುರಿ, ಒಂದ್ಸಾರಿ ರಿಜಿಸ್ಟರ್ ತೆಗ್ದು ನೋಡ್ಲಾ."

ಆರು ವರ್ಷ ನೋಡಲಿಲ್ಲ. ಕಳೆದ ತಿಂಗಳು ನೋಡಿದೆ. ಅಷ್ಟರಲ್ಲಿ ಅವರು ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು. ಹಾಗಾಗಿ ಇದನ್ನು ಆ ಭಾಷಣದ ತಿದ್ದುಪಡಿ ಎಂದು ಓದಿಕೊಳ್ಳಬೇಕು. ತಿದ್ದುವಾಗಲೂ ಎಲ್ಲೋ ತಪ್ಪುತ್ತೇನೆ ಎಂಬ ಅನುಮಾನ ನನಗಿದೆ. ಅಂಥ ಕಡೆ ಹೇಳಿಯೇ ಮುಂದೆ ಹೋಗುತ್ತೇನೆ.

ಅವರು ನಮ್ಮ ಮೀಸಲು ಪೊಲೀಸ್ ಪಡೆಯಲ್ಲಿ ಆರ್ಮರರ್ ಆಗಿದ್ದರು. ರೈಫಲ್‌ಗಳನ್ನು ಬಿಚ್ಚುವುದು, ಒರೆಸುವುದು, ಎಣ್ಣೆ ಹಾಕುವುದು, ಮತ್ತೆ ಜೋಡಿಸಿ ಸಾಲಾಗಿ ನಿಲ್ಲಿಸುವುದು ಅವರ ಕೆಲಸ. ಪಡೆಯ ಹೆಸರು ಬೇಡ, ಅವರ ಹೆಸರೂ ಬೇಡ. ನಾವು ಇರುತ್ತಿದ್ದ ಪೊಲೀಸ್ ಲೈನ್ಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರೇ ಕಡಿಮೆ. ಎಣ್ಣೆ ಮೇಷ್ಟ್ರು ಅನ್ನುತ್ತಿದ್ದರು. ಹೊಸದಾಗಿ ಬಂದವರು ಆ ಹೆಸರು ಕೇಳಿ, ಸಂಜೆ ಕಂಪನಿ ಕೊಡುವ ಮನುಷ್ಯ ಎಂದು ಭಾವಿಸಿ ಸ್ನೇಹ ಬೆಳೆಸಲು ಹೋಗುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಒಂದು ಬೋಲ್ಟು ಮತ್ತು ಒಂದು ತುಂಡು ಬಟ್ಟೆ.

ಅವರನ್ನು ಮೊದಲು ನೋಡಿದ್ದು ಹೇಗೆ ಎಂಬುದನ್ನು ನಾನು ಎರಡು ರೀತಿ ಹೇಳಿಕೊಂಡು ಬಂದಿದ್ದೇನೆ. ಒಂದರಲ್ಲಿ ಅವರು ಕಿಟಕಿಯ ಬಳಿ ನಿಂತು, ರೈಫಲ್ಲಿನ ಹಿಂಬದಿಯಲ್ಲಿ ಹೆಬ್ಬೆರಳಿನ ಉಗುರು ಇಟ್ಟು, ಆ ಉಗುರಿನಿಂದ ಬಿಸಿಲನ್ನು ಕೊಳವೆಯೊಳಗೆ ತಿರುಗಿಸಿ, ಮುಂದಿನ ತೂತಿನಿಂದ ಒಂದೇ ಕಣ್ಣಲ್ಲಿ ನೋಡುತ್ತಿರುತ್ತಾರೆ. ಬಹಳ ಚೆನ್ನಾಗಿರುವ ಚಿತ್ರ. ಇನ್ನೊಂದರಲ್ಲಿ ಆಯುಧಗಳ ಕೋಣೆಯಾದ ಆರ್ಮರಿಯ ಮೆಟ್ಟಿಲ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿರುತ್ತಾರೆ. ಎರಡನೆಯದೇ ನಿಜ ಇರಬೇಕು. ಅದರಿಂದ ನನ್ನ ಕಥೆಗೆ ಏನೂ ಲಾಭವಿಲ್ಲ.

ಮೆಟ್ಟಿಲ ಮೇಲಿಂದಲೇ ಊರು ಕೇಳಿದರು. ಚನ್ನಪಟ್ಟಣ ಎಂದೆ. ಅವರದ್ದು ವಿರೂಪಾಕ್ಷಿಪುರದ ಕಡೆಯ ಹಳ್ಳಿ, ರಾಗಿ ಮತ್ತು ಹಿಪ್ಪುನೇರಳೆ ಬೆಳೆಯುವ ಮನೆತನ. ಹಾಗಾಗಿ ತಾಲ್ಲೂಕು ಒಂದೇ ಆಯಿತಲ್ಲ ಎಂದು ಪುರಿ ಮುಂದೆ ಚಾಚಿದರು.

"ನಿಮ್ಮಪ್ಪ ಏನ್ ಮಾಡ್ತದೆ?"

"ಬೊಂಬೆ ಕಡೀತಾರೆ ಅಣ್ಣ. ಅಬ್ಬಾನೂ, ಚಿಕ್ಕಪ್ಪಾನೂ."

"ಹಂಗಾರೆ ನೀನು ಬುಗುರಿ."

ಅಷ್ಟೆ. ಅಬ್ಬಾ ನನಗಿಟ್ಟ ಹೆಸರು ಅವರ ಬಾಯಲ್ಲಿ ಕೊನೆಯವರೆಗೂ ಬರಲಿಲ್ಲ.

ಅವರ ಬಗ್ಗೆ ಲೈನ್ಸಿನಲ್ಲಿ ಒಂದು ದಂತಕಥೆಯಿತ್ತು. ಕೊಳವೆಯಿಂದ ಎಳೆದ ಚಿಂದಿಯ ಬಣ್ಣ ನೋಡಿಯೇ ಈ ರೈಫಲ್ ಮಾಗಡಿಯ ಕಾವಲು ಗಾರ್ಡಿನಿಂದ ಬಂದದ್ದು, ಇದು ಕನಕಪುರದ ಗಾರ್ಡಿನಿಂದ ಬಂದದ್ದು ಎಂದು ಹೇಳಿಬಿಡುತ್ತಾರೆ, ಮಾಗಡಿಯದು ಕೆಂಪು ಧೂಳು, ಕನಕಪುರದ್ದು ಕಲ್ಲು ಕ್ವಾರಿಯ ಬೂದಿ ಬಣ್ಣದ ಧೂಳು ಎಂದು. ನಾನೂ ಅದನ್ನು ನಂಬಿ ಹಲವರಿಗೆ ಹೇಳಿದ್ದೇನೆ. ಒಂದು ದಿನ ಅವರನ್ನೇ ಕೇಳಿದೆ. ಅವರು ರೈಫಲ್ ತಿರುಗಿಸಿ ಹಿಂಬದಿಯ ಮರದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರ್ ತೋರಿಸಿದರು. ಯಾವ ನಂಬರ್ ಯಾವ ಗಾರ್ಡಿಗೆ ಹೋಗಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಚಿಂದಿ ನೋಡುವುದು ಜನರಿಗೆ ಖುಷಿಯಾಗಲಿ ಎಂದು.

ಇದನ್ನು ಬರೆದದ್ದರಿಂದ ಅವರು ಚಿಕ್ಕವರಾಗುತ್ತಾರೆಯೇ? ನನಗೆ ಹಾಗನ್ನಿಸುವುದಿಲ್ಲ. ನೂರಾರು ನಂಬರುಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವುದು ಧೂಳಿನ ಬಣ್ಣ ಗುರುತಿಸುವುದಕ್ಕಿಂತ ಕಷ್ಟ.

ಎಣ್ಣೆ ಹಾಕಲು ಅವರು ಬಳಸುತ್ತಿದ್ದದ್ದು ಸೈಕಲ್ ಚಕ್ರದ ಒಂದು ಕಡ್ಡಿ. ಅದರ ತುದಿಯನ್ನು ಬಡಿದು ಒಂದಿಷ್ಟು ಚಪ್ಪಟೆ ಮಾಡಿಕೊಂಡಿದ್ದರು. ಎಣ್ಣೆಯ ಡಬ್ಬಿಗೆ ಅದ್ದಿ ಎತ್ತಿದರೆ ತುದಿಯಲ್ಲಿ ಒಂದೇ ತೊಟ್ಟು ನಿಲ್ಲುತ್ತಿತ್ತು. ಬೋಲ್ಟು ಹಿಂದೆ ಮುಂದೆ ಸರಿಯುವ ದಾರಿಗೆ ಒಂದು ತೊಟ್ಟು, ಅದು ತಿರುಗಿ ಕಚ್ಚಿಕೊಳ್ಳುವ ಕಿವಿಗೆ ಒಂದು, ಖಾಲಿ ತೋಟಾ ಎಳೆದು ಹಾಕುವ ಕೊಕ್ಕೆಯ ಸ್ಪ್ರಿಂಗಿಗೆ ಅರ್ಧ. ಅರ್ಧ ತೊಟ್ಟು ಹೇಗೆ ಹಾಕುವುದು ಎಂದು ಕೇಳಿದವರಿಗೆ ಹಾಕಿ ತೋರಿಸುತ್ತಿದ್ದರು. ಆಮೇಲೆ ಬಟ್ಟೆ ತೆಗೆದುಕೊಂಡು ಹಾಕಿದ ಎಣ್ಣೆಯನ್ನು ಒರೆಸಲು ಶುರು ಮಾಡುತ್ತಿದ್ದರು. ಹೊಸಬರಿಗೆ ಇದು ಅರ್ಥವಾಗುತ್ತಿರಲಿಲ್ಲ. ಒರೆಸುವುದಾದರೆ ಹಾಕಿದ್ದೇಕೆ? ಅವರು ಒರೆಸುತ್ತಲೇ ಇರುತ್ತಿದ್ದರು. ಕಣ್ಣು ಮುಚ್ಚಿಕೊಂಡು ಬೋಲ್ಟನ್ನು ನಾಲ್ಕು ಸಲ ಆಡಿಸಿ, ಸದ್ದು ಕೇಳಿ, ಸಾಕೆನ್ನಿಸಿದರೆ ಪಕ್ಕಕ್ಕಿಡುತ್ತಿದ್ದರು.

ತಪಾಸಣೆ ಬಂತೆಂದರೆ ನಮ್ಮವರು ಡಬ್ಬಿಯನ್ನೇ ಬಗ್ಗಿಸಿ ಸುರಿಯುತ್ತಿದ್ದರು. ಅದಕ್ಕೆ ಅವರ ಬೈಗುಳ ಸಿದ್ಧವಾಗಿರುತ್ತಿತ್ತು. "ಒಬ್ಬಟ್ಗೆ ತುಪ್ಪ ಸುರ್ದಂಗೆ ಸುರೀತಿದ್ದೀರಲ್ಲೋ. ಧೂಳು ನೆಂಟ್ರಿದ್ದಂಗೆ ಕಣ್ರಲಾ, ಎಣ್ಣೆ ಕಂಡ್ರೆ ಅಲ್ಲೇ ಉಳ್ಕತದೆ."

ಬಟ್ಟೆಯ ವಿಷಯದಲ್ಲಿ ಅವರದೊಂದು ಕಾನೂನಿತ್ತು. ಸರ್ಕಾರದಿಂದ ಬರುತ್ತಿದ್ದ ಚಿಂದಿ ಬಟ್ಟೆ ಅವರಿಗೆ ಹಿಡಿಸುತ್ತಿರಲಿಲ್ಲ. ಹೊಸ ಬಟ್ಟೆಗೆ ಎಣ್ಣೆ ಕುಡಿಯಲು ಬರುವುದಿಲ್ಲ, ನೂರು ಸಲ ಒಗೆದ ಹತ್ತಿ ಬಟ್ಟೆಯೇ ಆಗಬೇಕು ಎನ್ನುತ್ತಿದ್ದರು. ಆದ್ದರಿಂದ ಲೈನ್ಸಿನಿಂದ ಯಾರು ನಿವೃತ್ತರಾದರೂ ತಾವು ಉಟ್ಟು ಹಳತಾದ ಒಂದು ಪಂಚೆಯನ್ನು ಆರ್ಮರಿಗೆ ಕೊಟ್ಟು ಹೋಗಬೇಕು. ಸಾಹೇಬರಾಗಲಿ, ಅಡುಗೆಯವರಾಗಲಿ, ವಿನಾಯಿತಿ ಇರಲಿಲ್ಲ. ನನ್ನಂಥ ಮುಸ್ಲಿಮರು ಲುಂಗಿ ತಂದರೆ ಅದೂ ಆಗುತ್ತಿತ್ತು, ಹತ್ತಿಯಾಗಿದ್ದರೆ. ರೇಷ್ಮೆ ನೂಲು ತೆಗೆಯುವ ರಾಮನಗರದ ರೀಲರ್ ಒಬ್ಬರು ಅಭಿಮಾನದಿಂದ ಒಂದು ಗಂಟು ರೇಷ್ಮೆ ತುಂಡುಗಳನ್ನು ತಂದುಕೊಟ್ಟಿದ್ದರು. ಒಂದು ತುಂಡು ಹಾಕಿ ನೋಡಿ ಗಂಟನ್ನು ವಾಪಸು ಕೊಟ್ಟರು. ರೇಷ್ಮೆ ಎಣ್ಣೆ ಕುಡಿಯುವುದಿಲ್ಲ, ಬರೀ ಸವರುತ್ತದೆ ಎಂದು ಕಾರಣ ಹೇಳಿದರು. ಆ ರೀಲರಿಗೆ ಬೇಜಾರಾಗಬಾರದೆಂದು ಅವರ ಹಳೆಯ ಲುಂಗಿ ಕೇಳಿ ಇಟ್ಟುಕೊಂಡರು.

ಹಾಗಾಗಿ ನಮ್ಮ ರೈಫಲ್‌ಗಳ ಕೊಳವೆಯೊಳಗೆ ಹೋಗಿ ಬರುತ್ತಿದ್ದ ಚಿಂದಿಗಳಿಗೆಲ್ಲ ಹೆಸರಿತ್ತು. "ಇವತ್ತು ಸುಬೇದಾರ್ರು ಮುಗುದ್ರು, ನಾಳಿಂದ ಬ್ಯಾಂಡಿನೋರು" ಎಂದು ಅವರು ಗೊಣಗುವುದನ್ನು ಹೊರಗಿನವರು ಕೇಳಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಈಗ ನನ್ನ ತಪ್ಪಿಗೆ ಬರಬೇಕು.

ಸೇರಿ ಒಂದೂವರೆ ವರ್ಷವಾಗಿತ್ತು. ಪ್ರೊಬೇಷನ್ ಮುಗಿಯಲು ಆರು ತಿಂಗಳಿತ್ತು. ನಮ್ಮ ಮನೆಯಲ್ಲಿ ಅಬ್ಬಾನ ಕಡೆ, ಅಮ್ಮಿಯ ಕಡೆ ಎಲ್ಲ ಸೇರಿಸಿದರೂ ಸರ್ಕಾರಿ ಕೆಲಸಕ್ಕೆ ಹೋದವನು ನಾನೊಬ್ಬನೇ. ಅಬ್ಬಾ ಗಿರಾಕಿಗಳಿಗೆ ಬೊಂಬೆ ತೋರಿಸುವ ಮುಂಚೆ ಖಾಕಿ ಹಾಕಿದ ನನ್ನ ಫೋಟೊ ತೋರಿಸುತ್ತಿದ್ದರು. ನಮ್ಮ ಬ್ಯಾಚಿನ ಒಬ್ಬ ರೈಫಲ್ಲಿನ ಮ್ಯಾಗಜಿನ್ ಕಳೆದು ಪ್ರೊಬೇಷನ್ನಿನಲ್ಲೇ ಮನೆಗೆ ಹೋಗಿದ್ದ. ಹೇಗೆ ಹೋದ ಎಂದು ನಮಗೆಲ್ಲ ಗೊತ್ತಿತ್ತು. ಟ್ರಂಕನ್ನು ತಲೆಯ ಮೇಲೆ ಹೊತ್ತು, ಯಾರ ಮುಖವನ್ನೂ ನೋಡದೆ ಗೇಟು ದಾಟಿದ್ದ. ಸರ್ಕಾರಿ ಆಯುಧ ಹಾಳು ಮಾಡಿದವನಿಗೂ ಅದೇ ದಾರಿ.

ವಾರ್ಷಿಕ ತಪಾಸಣೆ ಇತ್ತು. ಬರುವ ಸಾಹೇಬರು ಬಿಳಿ ಕೈಗವಸು ಹಾಕಿಕೊಂಡು ರೈಫಲ್ ಮೇಲೆ ಬೆರಳೆಳೆಯುತ್ತಾರೆ, ಬೆರಳಿಗೆ ಎಣ್ಣೆ ಅಂಟಿದರೆ ಒಂದು ಬೈಗುಳ, ಹೊಳಪಿಲ್ಲದಿದ್ದರೆ ಇನ್ನೊಂದು ಎಂದು ಸುದ್ದಿ. ಹೊಳೆಯಬೇಕು, ಅಂಟಬಾರದು. ಅದನ್ನು ಕೇಳಿದ್ದೇ ನನಗೆ ನಗು ಬಂತು. ಹೊಳೆಯುವ, ಅಂಟದ ವಸ್ತುವಿನ ನಡುವೆಯೇ ನಾನು ಬೆಳೆದದ್ದು. ನಮ್ಮ ಓಣಿಯಲ್ಲಿ ಮರದ ಮೇಲೆ ಅರಗು ಹಿಡಿಸಿ, ಕೇದಗೆ ಗರಿಯಲ್ಲಿ ತಿಕ್ಕಿದರೆ ಬೊಂಬೆಯ ಕೆನ್ನೆಯಲ್ಲಿ ನೋಡುವವರ ಮುಖ ಕಾಣುತ್ತದೆ. ಭಾನುವಾರ ಮನೆಗೆ ಹೋದೆ. ಚಿಕ್ಕಪ್ಪನಿಂದ ಬಣ್ಣ ಬೆರೆಸದ ಅರಗು ತೆಗೆದುಕೊಂಡೆ, ಸ್ಪಿರಿಟ್ಟಿನಲ್ಲಿ ಕರಗಿಸಿ ಒಂದು ಸೀಸೆ ತುಂಬಿಸಿಕೊಂಡೆ. ಎರಡು ಕೇದಗೆ ಗರಿಗಳನ್ನು ಪೇಪರಿನಲ್ಲಿ ಸುತ್ತಿಕೊಂಡೆ. ಯಾತಕ್ಕೆಂದು ಚಿಕ್ಕಪ್ಪ ಕೇಳಿದರು. ಪೆಟ್ಟಿಗೆಗೆ ಎಂದೆ. ಆ ಸುಳ್ಳು ನನಗೆ ಸ್ಪಷ್ಟವಾಗಿ ನೆನಪಿದೆ.

ನನ್ನ ಹೆಸರಿಗಿದ್ದದ್ದು ನಲವತ್ತೊಂದನೇ ನಂಬರಿನ ಹಳೆಯ ತ್ರೀ ನಾಟ್ ತ್ರೀ. ಹಿಂದಿನಿಂದ ಮೂತಿಯವರೆಗೂ ಮರ ಇರುವ ರೈಫಲ್. ಮರಕ್ಕೆಲ್ಲ ಅರಗು ಹಚ್ಚಿದೆ. ಕೇದಗೆಯಲ್ಲಿ ತಿಕ್ಕಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಬೋಲ್ಟು ಮರದ ಮುಂದೆ ಮಂಕಾಗಿ ಕಾಣಿಸಿತು. ಅದರ ಎಣ್ಣೆಯನ್ನೆಲ್ಲ ಒರೆಸಿ, ಅದಕ್ಕೂ ತೆಳ್ಳಗೆ ಒಂದು ಕೈ ಹಚ್ಚಿಬಿಟ್ಟೆ. ಒಣಗಿದ ಮೇಲೆ ಆಡಿಸಿ ನೋಡಿದೆ. ಸ್ವಲ್ಪ ಬಿಗಿಯಾಗಿತ್ತು. ಹೊಸ ಬೊಂಬೆಗಳೂ ಮೊದಮೊದಲು ಬಿಗಿಯಾಗಿಯೇ ತಿರುಗುತ್ತವೆ.

ಸಾಹೇಬರು ಬಂದರು. ನನ್ನ ರೈಫಲ್ ಮೇಲೆ ಬೆರಳೆಳೆದರು. ಬೆರಳು ಬಿಳಿಯಾಗಿಯೇ ಉಳಿಯಿತು. ಕನ್ನಡಿ ಇದ್ದ ಹಾಗಿದೆ, ಎಲ್ಲರೂ ನೋಡಿ ಕಲಿಯಿರಿ ಎಂದರು. ಸಾಲಿನ ಕೊನೆಯಲ್ಲಿ ನಿಂತಿದ್ದ ಎಣ್ಣೆ ಮೇಷ್ಟ್ರು ಕತ್ತು ಉದ್ದ ಮಾಡಿ ನನ್ನ ಕಡೆ ನೋಡಿದರು. ಅವರ ಮೂಗು ಒಂದು ಸಲ ಅರಳಿತು ಎಂದು ನಾನು ಹೇಳುವುದುಂಟು. ಅಷ್ಟು ದೂರದಿಂದ ಅದು ಕಂಡಿರಲು ಸಾಧ್ಯವಿಲ್ಲ.

ಅದಾಗಿ ಎರಡೇ ದಿನಕ್ಕೆ ಗುಂಡು ಹಾರಿಸುವ ಅಭ್ಯಾಸ. ಬೆಟ್ಟದ ಬುಡದ ಮೈದಾನ, ಹನ್ನೊಂದರ ಬಿಸಿಲು. ಹದಿನೈದನೆಯದೋ ಇಪ್ಪತ್ತನೆಯದೋ ಗುಂಡಿಗೆ ಎಡಗೈ ಮರಕ್ಕೆ ಅಂಟತೊಡಗಿತು. ಕೊಳವೆ ಕಾದು, ಮರ ಕಾದು, ಅರಗು ಬೆವರುತ್ತಿತ್ತು. ಬೆಲ್ಲದ ಪಾಕ ಮುಟ್ಟಿದ ಹಾಗೆ. ಬೋಲ್ಟು ಎಳೆಯಲು ಹೆಚ್ಚು ಹೆಚ್ಚು ಬಲ ಬೇಕಾಯಿತು. ಮುಂದಿನ ಗುಂಡನ್ನು ಒಳಕ್ಕೆ ತಳ್ಳಿದೆ. ಬೋಲ್ಟು ಅರ್ಧ ತಿರುಗಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗೆ ಜೀವಂತ ಗುಂಡು.

ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ಮಲಗಿದ್ದವನು ನಾನೊಬ್ಬನೇ. ಅವರು ನಡೆದುಕೊಂಡು ಬಂದು ನನ್ನ ಎಡಬದಿಗೆ ಹೊಟ್ಟೆಯ ಮೇಲೆ ಮಲಗಿದರು. ಐವತ್ತು ದಾಟಿದ ದೇಹ. ಮಲಗುವಾಗ ಒಂದು ನರಳಿಕೆ ಬಂತು.

"ಕೈ ತೆಗೀಬ್ಯಾಡ. ಮೂತಿ ಎದುರ್ಗೇ ಇರ್ಲಿ," ಎಂದರು. ಆಮೇಲೆ ಬೋಲ್ಟಿಗೆ ಮೂಗು ಹತ್ತಿರ ತಂದರು. "ಇದೇನ್ಲಾ, ನಿಮ್ಮೂರ್ ವಾಸ್ನೆ ಬತ್ತಾ ಐತೆ."

ಅವರು ತಲೆ ತಿರುಗಿಸಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಸ್ಪಿರಿಟ್ ತರಲು ಹೇಳಿದರು. ಬಂದ ಮೇಲೂ ಮುಟ್ಟಲಿಲ್ಲ. ಕೊಳವೆ ತಣ್ಣಗಾಗಲಿ ಎಂದು ಕಾದರು. ಕಾಯುತ್ತಾ ತಮ್ಮೂರಿನ ಕಡೆ ಆನೆ ಬಂದು ಬಾಳೆ ತಿಂದು ಹೋದ ವಿಷಯ ಹೇಳಿದರು. ಆ ಆನೆಯ ಜೊತೆ ಇದ್ದದ್ದು ಒಂದು ಮರಿಯೋ ಎರಡೋ ಎಂದು ನಾನು ಕೇಳಿದೆನಂತೆ. ಇದನ್ನು ಅವರು ಆಮೇಲೆ ನೂರು ಸಲ ಹೇಳಿ ನಗಾಡಿದ್ದಾರೆ. ನನಗೆ ನೆನಪಿಲ್ಲ. ನನಗೆ ನೆನಪಿರುವುದು ಅವರ ಸೈಕಲ್ ಕಡ್ಡಿ. ಅದರ ತುದಿಯಲ್ಲಿ ಎಣ್ಣೆಯ ಬದಲು ಸ್ಪಿರಿಟ್. ಒಂದು ತೊಟ್ಟು, ಕಾಯುವುದು, ಇನ್ನೊಂದು ತೊಟ್ಟು. ಆಮೇಲೆ ತಮ್ಮ ಅಂಗೈಯನ್ನು ನನ್ನ ಕೈಯ ಮೇಲಿಟ್ಟು ಬೋಲ್ಟನ್ನು ಹಿಂದಕ್ಕೆ ಎಳೆದರು. ಗುಂಡು ಮಣ್ಣಿನ ಮೇಲೆ ಬಿತ್ತು. ಅದನ್ನು ಎತ್ತಿ, ಪಂಚೆಯ ಚಿಂದಿಯಲ್ಲಿ ಒರೆಸಿ, ಗುಂಡುಗಳ ಲೆಕ್ಕ ಇಡುವವನ ಕೈಗೆ ಕೊಟ್ಟರು.

ಇನ್‌ಸ್ಪೆಕ್ಟರ್ ಹತ್ತಿರ ಬಂದು ಏನಾಯಿತೆಂದು ಕೇಳಿದರು. ಇಲ್ಲಿಂದ ಮುಂದಿನದೇ ನನ್ನ ಭಾಷಣದ ವಸ್ತು. ಮೇಷ್ಟ್ರು ಎದ್ದು ಎದೆಯ ಮಣ್ಣು ಕೊಡವಿಕೊಂಡು, "ನಾನು ನೋಡ್ಕತೀನಿ ಸಾರ್" ಎಂದರು. ಇನ್‌ಸ್ಪೆಕ್ಟರ್ ನನ್ನನ್ನೊಮ್ಮೆ ನೋಡಿ ಹೊರಟುಹೋದರು.

ಅಷ್ಟೇ. ನನಗೆ ಮೆಮೊ ಬರಲಿಲ್ಲ. ದಿನಾ ಕಾದೆ. ಟ್ರಂಕು ತಲೆಯ ಮೇಲೆ ಹೊತ್ತ ಬ್ಯಾಚಿನವನು ಕಣ್ಣ ಮುಂದೆ ಬರುತ್ತಿದ್ದ. ಅಬ್ಬಾನಿಗೆ ಏನು ಹೇಳುವುದು ಎಂದು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮೆಮೊ ಬರಲೇ ಇಲ್ಲ. ಬದಲಿಗೆ ಮೇಷ್ಟ್ರು ಆರ್ಮರಿಗೆ ಬಂದು ಕೂರಲು ಹೇಳಿಕಳಿಸಿದರು.

ಹನ್ನೆರಡು ದಿನ ಕೂತೆ. ನಲವತ್ತೊಂದನ್ನು ಪೂರ್ತಿ ಬಿಚ್ಚಿ ಚಾಪೆಯ ಮೇಲೆ ಹರಡಿದ್ದರು. ಸ್ಪಿರಿಟ್ಟಿನಲ್ಲಿ ಅದ್ದಿದ ಚಿಂದಿಯಿಂದ ಅರಗನ್ನು ತೆಗೆಯುವುದು ಹಚ್ಚಿದ್ದಕ್ಕಿಂತ ಎಷ್ಟೋ ಪಟ್ಟು ನಿಧಾನದ ಕೆಲಸ. ಬೋಲ್ಟಿನ ಸಂದಿಗಳಿಗೆ ಅವರು ಒಂದು ಬಿದಿರು ಕಡ್ಡಿ ಸೀಳಿ ಕೊಟ್ಟರು. ಕಬ್ಬಿಣದ್ದು ಬೇಡ, ಗೀರು ಬೀಳುತ್ತದೆ ಎಂದರು. ಸ್ಪಿರಿಟ್ ಹಾಕಿದಲ್ಲೆಲ್ಲ ಲೋಹ ಬೋಳಾಗುತ್ತದೆ, ಬೋಳಾದ ಕೂಡಲೇ ಗಾಳಿ ತಿನ್ನುತ್ತದೆ, ಆದ್ದರಿಂದ ಹಿಂದೆಯೇ ಎಣ್ಣೆ ಹೋಗಬೇಕು. ಹೀಗೆ ನಾನು ಎಣ್ಣೆ ಹಾಕಲು ಕಲಿತೆ. ಮೊದಲ ದಿನ ನನ್ನ ಕಡ್ಡಿಯಿಂದ ಮೂರು ತೊಟ್ಟು ಬಿದ್ದವು. ಅವರೇ ಒರೆಸಿದರು. ಐದನೆಯ ದಿನವೋ ಆರನೆಯ ದಿನವೋ ಒಂದು ಬಿತ್ತು. ಅವರು ಅದನ್ನು ನನ್ನ ಕೈಯಿಂದಲೇ ಒರೆಸಿಸಿದರು. ಒರೆಸಿದ ಮೇಲೂ ಲೋಹದಲ್ಲಿ ಬೆರಳ ಬೆನ್ನಿಗೆ ಸಿಗುವ ಒಂದು ಜಾರು ಉಳಿದಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಅದು ಸಿಕ್ಕಿದಾಗ ನಾನು ಅವರ ಮುಖ ನೋಡಿದೆ. ಅವರು ಬೇರೆ ರೈಫಲ್ ಮೇಲೆ ಬಗ್ಗಿದ್ದರು.

ಅವರು ಅರಗಿನ ಬಗ್ಗೆ ಬಹಳ ಕೇಳುತ್ತಿದ್ದರು. ಲೇತಿನ ಮೇಲೆ ಹೇಗೆ ಹಿಡಿಸುತ್ತೀರಿ, ಬಣ್ಣ ಹೇಗೆ ಬೆರೆಸುತ್ತೀರಿ, ಮಗು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ. ನನ್ನನ್ನು ಮಾತಿಗೆಳೆಯಲು ಕೇಳುತ್ತಿದ್ದಾರೆ ಎಂದುಕೊಂಡಿದ್ದೆ. ತಿಂಗಳ ನಂತರ ಒಂದು ಭಾನುವಾರ ನಮ್ಮ ಓಣಿಗೇ ಬಂದು ಅಬ್ಬಾನ ಲೇತಿನ ಪಕ್ಕ ಎರಡು ಗಂಟೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನ ಅರಗಿನ ಕಥೆ ಬಿಟ್ಟುಬಿಡುತ್ತಾರೋ ಎಂದು ನಾನು ಪಕ್ಕದಲ್ಲೇ ಕಾಯುತ್ತಾ ನಿಂತಿದ್ದೆ. ಅವರು ಹೇಳಲಿಲ್ಲ. ಹೊರಡುವಾಗ ಅಬ್ಬಾ ಒಂದು ಬುಗುರಿ ಕೊಟ್ಟರು. ಅದನ್ನು ಅಲ್ಲೇ ನೆಲದ ಮೇಲೆ ಬಿಟ್ಟು, ಅದು ಮಲಗುವವರೆಗೂ ನೋಡಿ, "ನಿಮ್ಮುಡ್ಗನ ಕೈ ಒಳ್ಳೇದು ಸಾಬ್ರೆ, ಆತುರ ಒಸಿ ಜಾಸ್ತಿ" ಎಂದು ಹೇಳಿ ಬಸ್ಸಿಗೆ ಹೋದರು.

ಆ ಹನ್ನೆರಡು ದಿನಗಳ ನಡುವೆ ಎರಡು ಭಾನುವಾರಗಳಿದ್ದವು. ಎರಡೂ ದಿನ ಅವರು ರಜೆ ಬಿಟ್ಟು ಆರ್ಮರಿಗೆ ಬಂದಿದ್ದರು. ಇದನ್ನು ನೋಡಿ ನನ್ನ ಮನಸ್ಸು ಲೆಕ್ಕ ಹಾಕಿಕೊಂಡಿತು. ನನಗೆ ಮೆಮೊ ಇಲ್ಲ, ಅವರಿಗೆ ರಜೆ ಇಲ್ಲ. ಅಂದರೆ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ರಿಜಿಸ್ಟರಿನಲ್ಲಿ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಶಿಕ್ಷೆ ಅನುಭವಿಸುತ್ತಿದ್ದಾರೆ. ಯಾರೂ ನನಗೆ ಹೀಗೆಂದು ಹೇಳಲಿಲ್ಲ. ನಾನೇ ಹೊಲಿದ ಅಂಗಿ ಅದು, ಅವರಿಗೆ ತೊಡಿಸಿದೆ. ಮುಂದಿನ ವರ್ಷ ನನ್ನನ್ನು ಆರ್ಮರರ್ ಕೋರ್ಸಿಗೆ ಕಳಿಸಿದರು. ಬಂದು ಅವರ ಕೈಕೆಳಗೆ ಸೇರಿದೆ. ಒಂದೇ ಕೋಣೆಯಲ್ಲಿ ಒಂಬತ್ತು ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಆ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ. ಅವರು ಎಂದೂ ಎತ್ತಲಿಲ್ಲ. ಅದು ಅವರ ದೊಡ್ಡತನಕ್ಕೆ ಇನ್ನೊಂದು ಸಾಕ್ಷಿಯಾಯಿತು.

ಬೀಳ್ಕೊಡುಗೆಯಲ್ಲಿ ಮೈಕು ಕೈಗೆ ಸಿಕ್ಕಾಗ ಎಲ್ಲರ ಮುಂದೆ ಹೇಳಿದೆ. ನನ್ನ ಕೆಲಸ ಉಳಿಸಲು ಈ ಮನುಷ್ಯ ತನ್ನ ಸರ್ವಿಸಿಗೆ ಕಪ್ಪುಚುಕ್ಕೆ ಹಚ್ಚಿಕೊಂಡರು ಎಂದೆ. ಒಬ್ಬ ಹಿರಿಯ ಅಧಿಕಾರಿ ಕಣ್ಣೊರೆಸಿಕೊಂಡರು. ಮೇಷ್ಟ್ರು ತಲೆ ತಗ್ಗಿಸಿ ಹಣ್ಣಿನ ಬುಟ್ಟಿಯ ಕಾಗದ ಬಿಡಿಸುತ್ತಿದ್ದರು.

ನಿವೃತ್ತರಾದ ಮೇಲೆ ವರ್ಷಕ್ಕೊಮ್ಮೆ ಅವರ ಊರಿಗೆ ಹೋಗುತ್ತಿದ್ದೆ. ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಂಕಿಗೆ ಬಿಡುವ ಹೊತ್ತಾಗಿದ್ದರೆ ಕೈಗೆ ಬುಟ್ಟಿ ಕೊಟ್ಟು ಕೆಲಸಕ್ಕೆ ಹಚ್ಚುತ್ತಿದ್ದರು. ಲೈನ್ಸಿನ ಮನುಷ್ಯರ ಬಗ್ಗೆ ಕೇಳುತ್ತಿರಲಿಲ್ಲ, ನಂಬರುಗಳ ಬಗ್ಗೆ ಕೇಳುತ್ತಿದ್ದರು. ಹದಿನೇಳರ ಸ್ಪ್ರಿಂಗ್ ಬದಲಾಯಿಸಿದಿರಾ, ಅರವತ್ತಾರು ಇನ್ನೂ ಎಡಕ್ಕೆ ಎಳೆಯುತ್ತದಾ. ನಲವತ್ತೊಂದರ ಬಗ್ಗೆ ಒಂದು ಸಲವೂ ಕೇಳಲಿಲ್ಲ. ರಿಜಿಸ್ಟರ್ ನೋಡಿದೆಯಾ ಎಂದೂ ಕೇಳಲಿಲ್ಲ. ಕೇಳಿದ್ದರೆ ನೋಡುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿದೆ, ಆದರೆ ಅದೂ ನಂಬುವ ಮಾತಲ್ಲ. ಹಳೆಯ ರಿಜಿಸ್ಟರುಗಳ ಟ್ರಂಕು ನಾನು ಕೂರುವ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಬೀಗದ ಕೈ ನನ್ನ ಹತ್ತಿರವೇ ಇತ್ತು. ನನಗೆ ನನ್ನ ಕಥೆ ಇಷ್ಟವಾಗಿತ್ತು.

ಅವರು ಹೋದ ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿ ಹೊರಗಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ. ತಿಥಿಯ ದಿನ ಹೋದೆ. ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿ ಒಳಗಿನಿಂದ ಒಂದು ಕವರ್ ತಂದರು. ಮಡಿಸಿದ ಬಿಳಿ ಪಂಚೆ, ಅಂಚು ಸವೆದದ್ದು.

"ರಿಟೈರ್ ಆದಾಗ ಕೊಡಾದು ಮರ್ತೋಯ್ತು ಅಂತ ಪೇಚಾಡ್ತಿದ್ರು ಕಣಪ್ಪ. ನಾನೇ ಬರೆದ ಕಾನೂನು ನಾನೇ ಮುರುದ್ಬುಟ್ನಲ್ಲ ಅನ್ನೋರು. ಬುಗುರಿ ಬಂದ್ರೆ ಕೊಡು ಅಂದಿದ್ರು."

ಪಂಚೆಯನ್ನು ಹರಿಯಲು ಮನಸ್ಸು ಬರಲಿಲ್ಲ. ಆರ್ಮರಿಯ ಬೀರುವಿನಲ್ಲಿಟ್ಟೆ. ಅವರಿದ್ದಿದ್ದರೆ ಬೈಯುತ್ತಿದ್ದರು.

ಕಳೆದ ತಿಂಗಳು ಆದೇಶ ಬಂತು. ಉಳಿದಿರುವ ತ್ರೀ ನಾಟ್ ತ್ರೀಗಳನ್ನೆಲ್ಲ ಡಿಪೋಗೆ ವಾಪಸು ಕಳಿಸಬೇಕು, ಪ್ರತಿಯೊಂದರ ಹಳೆಯ ನಿರ್ವಹಣೆಯ ವಿವರ ಜೊತೆಗಿರಬೇಕು. ಟ್ರಂಕು ತೆಗೆಯಲೇಬೇಕಾಯಿತು. ಒಂದನೇ ನಂಬರಿನಿಂದ ಶುರು ಮಾಡಿದೆ. ನಲವತ್ತಕ್ಕೆ ಬಂದು ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಆ ಪುಟದಲ್ಲಿ ಅವರ ದುಂಡು ಅಕ್ಷರ ಹೀಗಿತ್ತು. "ನಂಬರ್ ನಲವತ್ತೊಂದು. ಮರಕ್ಕೂ ಬೋಲ್ಟಿಗೂ ಅರಗು ಹಚ್ಚಿದ್ದರಿಂದ ಫೈರಿಂಗ್ ಸಮಯದಲ್ಲಿ ಬೋಲ್ಟು ಹಿಡಿದುಕೊಂಡಿದೆ." ಅದರ ಮುಂದೆ, ಹಚ್ಚಿದವರು ಎಂದು ಬರೆದು, ನನ್ನ ಹೆಸರು, ನನ್ನ ನಂಬರು. ಅಬ್ಬಾ ಇಟ್ಟ ಪೂರ್ತಿ ಹೆಸರು, ಒಂದಕ್ಷರವೂ ತಪ್ಪಿಲ್ಲದೆ. ಅವರಿಗೆ ನನ್ನ ಹೆಸರು ಗೊತ್ತಿತ್ತು ಎಂಬುದೇ ಆ ಕ್ಷಣದ ಮೊದಲ ಯೋಚನೆ. ಕೆಳಗೆ ಇನ್ನೂ ಮೂರು ಸಾಲು. "ತಿಳಿಯದೆ ಮಾಡಿದ್ದು. ಕೇಳಿದಾಗ ತಾವೇ ಒಪ್ಪಿಕೊಂಡಿದ್ದಾರೆ. ಹನ್ನೆರಡು ದಿನ ಕೂತು ತಾವೇ ಸರಿಪಡಿಸಿದ್ದಾರೆ, ಕೈ ಒಳ್ಳೆಯದು, ಆರ್ಮರಿ ಕೆಲಸ ಕಲಿಸಬಹುದು." ಪಕ್ಕದಲ್ಲಿ ಇನ್‌ಸ್ಪೆಕ್ಟರರ ಸಹಿ, ಹಸಿರು ಶಾಯಿಯಲ್ಲಿ, "ನೋಡಿದೆ. ಮುಂದಿನ ಕೋರ್ಸಿಗೆ ಕಳಿಸಿ."

ನನ್ನ ಕೆಲಸವನ್ನು ಅವರು ಸುಳ್ಳು ಬರೆದು ಉಳಿಸಿರಲಿಲ್ಲ. ನನ್ನ ತಪ್ಪನ್ನು ನನ್ನ ಹೆಸರಿನಲ್ಲೇ ಬರೆದು, ಅದೇ ಪುಟದಲ್ಲಿ ನನ್ನನ್ನು ಶಿಫಾರಸು ಮಾಡಿದ್ದರು. ಭಾನುವಾರಗಳು ಶಿಕ್ಷೆಯಾಗಿರಲಿಲ್ಲ. ನಾನು ಒಬ್ಬನೇ ಕೂರಬಾರದೆಂದು ಬಂದಿದ್ದರು. ಕಪ್ಪುಚುಕ್ಕೆ ಇರಲಿಲ್ಲ. ಒಂದು ದಿನವೂ ಸುಳ್ಳು ಬರೆಯದ ರಿಜಿಸ್ಟರಿನ ಮಾಲೀಕನನ್ನು ನಾನು ಮೈಕಿನಲ್ಲಿ, ಎಲ್ಲರ ಮುಂದೆ, ಸುಳ್ಳು ಬರೆದವನು ಎಂದು ಹೊಗಳಿದ್ದೆ. ಅವರು ಬುಟ್ಟಿಯ ಕಾಗದ ಬಿಡಿಸುತ್ತಾ ಅದನ್ನು ಕೇಳಿಸಿಕೊಂಡಿದ್ದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ "ಕೇಳಿದಾಗ ತಾವೇ ಒಪ್ಪಿಕೊಂಡಿದ್ದಾರೆ" ಎಂಬ ಸಾಲು ನನ್ನನ್ನು ಬಿಡುತ್ತಿಲ್ಲ. ನಾನು ಒಪ್ಪಿಕೊಂಡದ್ದು ನನಗೆ ನೆನಪಿಲ್ಲ. ಮೈದಾನದಲ್ಲಿ ಅರಗಿನ ಬಗ್ಗೆ ಬಾಯಿ ಬಿಡಲಿಲ್ಲ, ಅದು ಖಚಿತ. ಆ ದಿನ ಸಂಜೆ ಆರ್ಮರಿಯಲ್ಲಿ ಅವರು ಯಾರ ಕೈ ಇದು ಎಂದು ಕೇಳಿದ್ದು ನೆನಪಿದೆ. ನಾನು ಅತ್ತದ್ದು ನೆನಪಿದೆ. ಅಳುವಿನ ನಡುವೆ ಹೇಳಿದೆನೋ ಏನೋ. ಹ್ಞೂಂ ಎಂದಿರಬಹುದು. ಅಥವಾ ಅತ್ತದ್ದನ್ನೇ ಅವರು ಒಪ್ಪಿಗೆ ಎಂದು ಬರೆದುಕೊಂಡಿರಬಹುದು. ಹಾಗಿದ್ದರೆ ಅವರ ಇಡೀ ರಿಜಿಸ್ಟರಿನಲ್ಲಿ ಆ ಒಂದು ಸಾಲಿಗೆ ಮಾತ್ರ ಅರ್ಧ ತೊಟ್ಟು ಎಣ್ಣೆ ಬಿದ್ದಿದೆ. ಇದ್ದರೂ ಒರೆಸಿಬಿಟ್ಟಿದ್ದಾರೆ, ಕಾಣುವುದಿಲ್ಲ. ಇನ್ನೊಂದು ಕಥೆ ಹೊಲಿಯಲು ನಾನು ಸಿದ್ಧನಿಲ್ಲ. ಎರಡರಲ್ಲಿ ಯಾವುದು ನಿಜವಾದರೂ ನಾನು ಅವರಿಗೆ ಋಣಿ. ಯಾವುದಕ್ಕೆ ಎಂದು ಗೊತ್ತಿಲ್ಲದೆಯೂ ಋಣಿಯಾಗಿರಬಹುದು ಎಂದು ಈಗ ಅನ್ನಿಸುತ್ತಿದೆ.

ರೈಫಲ್‌ಗಳನ್ನು ಪೆಟ್ಟಿಗೆಗೆ ಹಾಕುವ ಹಿಂದಿನ ದಿನ ಬೀರು ತೆಗೆದು ಪಂಚೆಯನ್ನು ಹೊರಗೆ ತಂದೆ. ಅಂಚಿನಿಂದ ಹಿಡಿದು ಹರಿದೆ. ಹಳೆಯ ಬಟ್ಟೆ, ಸದ್ದಿಲ್ಲದೆ ಹರಿಯಿತು. ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲ. ನಲವತ್ತೊಂದನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದೆ. ಕೊಳವೆಯ ಮೇಲಿನ ಮರದ ಹೊದಿಕೆಯನ್ನು ಮಗುಚಿದಾಗ ಒಳಬದಿಯ ಮೂಲೆಯಲ್ಲಿ ಹೆಸರುಕಾಳಿನಷ್ಟು ಹಳದಿ ಕಂಡಿತು. ಅರಗು. ಹನ್ನೆರಡು ದಿನ ತಿಕ್ಕಿದವನ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಕಣ್ಣಿಗೂ ಬಿದ್ದಿರಲಿಲ್ಲವೇ ಎಂಬುದನ್ನು ಕೇಳಲು ಈಗ ಯಾರೂ ಇಲ್ಲ.

ತೆಗೆಯಲಿಲ್ಲ. ಕೊಳವೆಯೊಳಗೆ ಅವರ ಪಂಚೆ ಎರಡು ಸಲ ಹೋಗಿ ಬಂತು. ಅವರು ಬಿಟ್ಟುಹೋಗಿದ್ದ ಸೈಕಲ್ ಕಡ್ಡಿಯಿಂದ ದಾರಿಗೊಂದು ತೊಟ್ಟು, ಕಿವಿಗೊಂದು, ಸ್ಪ್ರಿಂಗಿಗೆ ಅರ್ಧ. ಒರೆಸಿದೆ. ಕಣ್ಣು ಮುಚ್ಚಿ ಬೋಲ್ಟನ್ನು ನಾಲ್ಕು ಸಲ ಆಡಿಸಿದೆ. ಆಮೇಲೆ ರಿಜಿಸ್ಟರ್ ಎಳೆದುಕೊಂಡು, ಅವರ ಸಾಲುಗಳ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ:

"ನಂಬರ್ ನಲವತ್ತೊಂದು. ಒರೆಸಿ ಎಣ್ಣೆ ಹಾಕಲಾಗಿದೆ. ಮರದ ಹೊದಿಕೆಯ ಒಳಬದಿಯಲ್ಲಿ ಹಳೆಯ ಅರಗಿನ ಕಲೆಯಿದೆ. ಹಚ್ಚಿದವನು ನಾನು. ಯಾರೂ ಕೇಳಿಲ್ಲ."